ಕಣ್ಣಿಗೆ ಬೀಳದವರ ಲೆಕ್ಕ

2023ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೀದಿನಾಯಿಗಳ ಸಮೀಕ್ಷೆ ನಡೆಯಿತು. ಬೈಕ್ ಏರಿ ಹೊರಟ ತಂಡಗಳು ಆಯ್ದ ಬೀದಿಗಳಲ್ಲಿ ಕಂಡ ನಾಯಿಗಳ ಫೋಟೊ ತೆಗೆದು ಮೊಬೈಲ್ ಆ್ಯಪ್‌ಗೆ ಸೇರಿಸಿದವು. ಆ ಬೀದಿಗಳ ಲೆಕ್ಕ ಹಿಡಿದು ಇಡೀ ನಗರದ ಅಂದಾಜು ಕಟ್ಟಲಾಯಿತು. ಬಂದ ಉತ್ತರ 2,79,335. 2019ರ ಸಮೀಕ್ಷೆಯಲ್ಲಿ ಅದು ಸುಮಾರು 3.10 ಲಕ್ಷ ಇತ್ತು. ಸಂತಾನಹರಣ ಚಿಕಿತ್ಸೆ ಆದ ನಾಯಿಗಳ ಪಾಲು ಶೇ 51ರಿಂದ ಶೇ 72ರ ಹತ್ತಿರಕ್ಕೆ ಏರಿತ್ತು. ವೈಟ್‌ಫೀಲ್ಡ್ ಸೇರಿದ ಮಹದೇವಪುರ ವಲಯದಲ್ಲಿ ನಾಯಿಗಳು ಎಲ್ಲಕ್ಕಿಂತ ಹೆಚ್ಚು, 58 ಸಾವಿರಕ್ಕೂ ಮೇಲೆ.

ಸಂಖ್ಯೆ ಪ್ರಕಟವಾದ ದಿನದಿಂದ ಅದು ಎರಡು ಪಾಳೆಯಗಳ ಕೈಗೆ ಸಿಕ್ಕಿತು. ನಾಯಿಗಳನ್ನು ಓಡಿಸಬೇಕು ಎನ್ನುವವರಿಗೆ ಅದು ಭಯದ ಸಾಕ್ಷಿ. ನಾಯಿಗಳಿಗೆ ಅನ್ನ ಹಾಕುವವರಿಗೆ ಅದು ಚಿಕಿತ್ಸಾ ಕಾರ್ಯಕ್ರಮ ಫಲಿಸಿದ್ದಕ್ಕೆ ಪುರಾವೆ. ಎರಡೂ ಕಡೆಯವರು ಆ ಸಂಖ್ಯೆಯ ಕೊನೆಯ ಐದರವರೆಗೂ ನಂಬಿಬಿಟ್ಟರು, ಅದು ಹೇಗೆ ಬಂತೆಂದು ಕೇಳಲಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ತನಿಖೆಗೆ ಸಮಿತಿ ರಚಿಸಿದಾಗ ಕೇಳಿದ್ದು ಇಷ್ಟೇ: ಇದು ಹೇಗೆ ಆಯಿತು, ಪರೀಕ್ಷೆಗೆ ಒಡ್ಡಬಹುದೇ? ಆ ಪ್ರಶ್ನೆ ಪವಾಡಪುರುಷರು ಬರಿಗೈಯಿಂದ ತೆಗೆದು ತೋರಿಸುವ ಬೂದಿ, ಉಂಗುರಗಳಿಗೆ ಮಾತ್ರ ಮೀಸಲಲ್ಲ. ಸರ್ಕಾರಿ ಮೊಹರು ಹೊತ್ತು ಬರುವ ಅಂಕಿಗೂ ಅದನ್ನೇ ಕೇಳಬೇಕು. ಓಡಾಡುವ, ಅಡಗುವ, ಹೆದರುವ ಜೀವಿಗಳನ್ನು ಎಣಿಸುವುದು ಹೇಗೆ?

ಅದಕ್ಕೊಂದು ಹಳೆಯ ವಿದ್ಯೆ ಇದೆ, ಮಾರ್ಕ್-ರಿಕ್ಯಾಪ್ಚರ್ ಎನ್ನುತ್ತಾರೆ. ಡೆನ್ಮಾರ್ಕಿನ ಪೀಟರ್ಸನ್ 1896ರಲ್ಲಿ ಮೀನುಗಳಿಗೆ, ಅಮೆರಿಕದ ಲಿಂಕನ್ 1930ರಲ್ಲಿ ಬಾತುಕೋಳಿಗಳಿಗೆ ಬಳಸಿದ ಲೆಕ್ಕ. ಒಂದು ಬಡಾವಣೆಯಲ್ಲಿ ಮೊದಲ ದಿನ 60 ನಾಯಿಗಳ ಫೋಟೊ ತೆಗೆದಿರಿ ಎನ್ನೋಣ. ಎರಡನೇ ದಿನ 50 ಸಿಕ್ಕವು, ಅವುಗಳಲ್ಲಿ 30 ನಿನ್ನೆಯವೇ. ಅಂದರೆ ಇಂದು ಕಂಡವುಗಳಲ್ಲಿ ಐದಕ್ಕೆ ಮೂರು ನಿನ್ನೆ ನಮ್ಮ ಕಣ್ಣಿಗೆ ಬಿದ್ದಿದ್ದವು. ಹಾಗಿದ್ದರೆ ನಿನ್ನೆ ಕಂಡ 60 ಕೂಡ ಒಟ್ಟಿನಲ್ಲಿ ಐದಕ್ಕೆ ಮೂರು ಪಾಲು ಇರಬೇಕು. ಒಟ್ಟು 100. ಏಳನೇ ತರಗತಿಯ ಮಗುವೂ ಮಾಡಬಲ್ಲ ಲೆಕ್ಕ. ನೋಡದೇ ಉಳಿದವರ ಸುದ್ದಿಯನ್ನು ನೋಡಿದವರಿಂದಲೇ ಹೊರತೆಗೆಯುವ ಈ ಯುಕ್ತಿ ಮನುಷ್ಯನ ಬುದ್ಧಿ ಕಂಡುಕೊಂಡ ಸುಂದರ ವಿಚಾರಗಳಲ್ಲೊಂದು ಎಂದು ನಾನು ನಂಬುತ್ತೇನೆ.

ಆದರೆ ಅದರೊಳಗೆ ಒಂದು ಊಹೆ ಸದ್ದಿಲ್ಲದೆ ಕೂತಿದೆ. ಎಲ್ಲ ನಾಯಿಗಳೂ ನಮ್ಮ ಕಣ್ಣಿಗೆ ಬೀಳುವ ಸಾಧ್ಯತೆ ಒಂದೇ ಎಂಬ ಊಹೆ.

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಬೆಳಿಗ್ಗೆ ಆರೂವರೆಗೆ ನಿಂತು ನೋಡಿ. ರಾತ್ರಿ ಪಾಳಿ ಬಿಟ್ಟವರು ಗ್ರೀಸ್ ಮೆತ್ತಿದ ಕೈಯಲ್ಲೇ ಟೀ ಅಂಗಡಿಯ ಮುಂದೆ ನಿಂತಿರುತ್ತಾರೆ. ಬನ್ನಿನ ಚೂರಿಗೆ ಕಾದು ಕೂತ ನಾಯಿಗಳು ಅಲ್ಲೇ ಇರುತ್ತವೆ, ನಾಳೆಯೂ ಇರುತ್ತವೆ. ಇವು ಯಾವ ಸಮೀಕ್ಷೆಗೂ ತಪ್ಪವು. ಕೂಗಳತೆಯಲ್ಲಿ ಪೌಡರ್ ಕೋಟಿಂಗ್ ಶೆಡ್ಡಿನ ಹಿಂದೆ, ತುಕ್ಕು ಹಿಡಿದ ಡ್ರಮ್ಮುಗಳ ನಡುವೆ ಮರಿ ಹಾಕಿದ ತಾಯಿನಾಯಿ ಕತ್ತಲಾದ ಮೇಲಷ್ಟೇ ಹೊರಬರುತ್ತದೆ. ಕಾರ್ಖಾನೆಯ ಕಾಂಪೌಂಡಿನೊಳಗೆ ಸೆಕ್ಯೂರಿಟಿಯವರು ಸಾಕಿಕೊಂಡಿರುವ ನಾಲ್ಕು ನಾಯಿಗಳಿಗೆ ಬೀದಿಯ ಮುಖವೇ ಗೊತ್ತಿಲ್ಲ. ಇನ್ನು ಕಿವಿಯ ತುದಿ ಕತ್ತರಿಸಿಕೊಂಡವು. ಸಂತಾನಹರಣ (ಎಬಿಸಿ) ಚಿಕಿತ್ಸೆ ಆದ ನಾಯಿಗೆ ಗುರುತಿಗಾಗಿ ಕಿವಿಯಲ್ಲಿ ಕಚ್ಚು ಹಾಕುತ್ತಾರೆ. ಅದು ಒಮ್ಮೆ ಬಲೆಗೆ ಸಿಕ್ಕಿತ್ತು, ವ್ಯಾನಿನಲ್ಲಿ ಕೂತಿತ್ತು, ಸೂಜಿ ಕಂಡಿತ್ತು. ಅಂಥದ್ದೇ ವ್ಯಾನಿನ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ಕಚ್ಚು ಇರುವ ಕಿವಿ ನಿಮಿರುತ್ತದೆ, ಗೇಟಿನ ಕೆಳಗೆ ನುಸುಳಿ ಮಾಯವಾಗುತ್ತದೆ. ಅದರ ಪಕ್ಕದ, ಕಿವಿಯಲ್ಲಿ ಕಚ್ಚು ಇಲ್ಲದ ನಾಯಿ ಬನ್ನು ತಿನ್ನುತ್ತಲೇ ಇರುತ್ತದೆ.

ಇಂಥ ಭೇದಗಳು ಲೆಕ್ಕವನ್ನು ಎಷ್ಟು ಕೆಡಿಸುತ್ತವೆ ಎಂದು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಒಂದು ಬಡಾವಣೆಯಲ್ಲಿ ನಿಜವಾಗಿ 120 ನಾಯಿಗಳಿವೆ. ಅರ್ಧದಷ್ಟು ಟೀ ಅಂಗಡಿಯವು, ಯಾವ ದಿನ ಹೋದರೂ ಹತ್ತಕ್ಕೆ ಎಂಟು ಕಾಣುತ್ತವೆ. ಉಳಿದ 60 ಶೆಡ್ಡಿನ ಹಿಂದಿನವು, ಹತ್ತಕ್ಕೆ ಎರಡು ಕಂಡರೆ ಹೆಚ್ಚು. ಮೊದಲ ದಿನ 48 ಮತ್ತು 12 ಸೇರಿ 60 ಸಿಗುತ್ತವೆ. ಎರಡನೇ ದಿನವೂ ಅಷ್ಟೇ. ಎರಡೂ ದಿನ ಸಿಗುವಂಥವು ಸರಿಸುಮಾರು 41. ಮೇಲಿನ ಸೂತ್ರ ಹಾಕಿದರೆ ಉತ್ತರ 88. ಮೂವತ್ತಕ್ಕೂ ಹೆಚ್ಚು ನಾಯಿಗಳು ಲೆಕ್ಕದಿಂದಲೇ ಅಳಿಸಿಹೋದವು. ಯಾರೂ ಸುಳ್ಳು ಹೇಳಿಲ್ಲ, ಯಾರೂ ಕೆಲಸ ಕದ್ದಿಲ್ಲ, ಗುಣಾಕಾರ ಭಾಗಾಕಾರ ಎಲ್ಲ ಸರಿ. ತಪ್ಪಿದ್ದು ಎಲ್ಲರೂ ಸಮಾನವಾಗಿ ಕಾಣುತ್ತಾರೆ ಎಂಬ ನಂಬಿಕೆಯಲ್ಲಿ. ಕಿವಿಯ ಕಚ್ಚನ್ನೇ ಮೊದಲ ಸಲದ ಗುರುತಾಗಿ ಹಿಡಿದು ಲೆಕ್ಕ ಹಾಕಿದರೆ ಆಗುವುದು ಇದಕ್ಕೆ ವಿರುದ್ಧ ದಿಕ್ಕಿನ ತಪ್ಪು. ಒಮ್ಮೆ ಸಿಕ್ಕಿದ್ದು ಹೆದರಿ ಮತ್ತೆ ಸಿಗದಿದ್ದರೆ, ಮರಳಿ ಕಂಡವುಗಳ ಸಂಖ್ಯೆ ಇಳಿದು ಒಟ್ಟು ಅಂದಾಜು ಉಬ್ಬುತ್ತದೆ. ಒಂದೇ ಬೀದಿಯಲ್ಲಿ ಎರಡೂ ತಪ್ಪುಗಳು ಒಟ್ಟಿಗೇ ನಡೆಯುತ್ತಿರಬಹುದು. ಬರೀ ಎರಡು ದಿನದ ಭೇಟಿಯಿಂದ ಯಾವುದು ಎಷ್ಟು ಎಂದು ಹೇಳಲು ದಾರಿಯೇ ಇಲ್ಲ.

ಇದು ಪಂಡಿತರ ತಕರಾರಲ್ಲ. ರೇಬಿಸ್ ತಡೆಗೆ ನಾಯಿಗಳಲ್ಲಿ ಶೇ 70ಕ್ಕಾದರೂ ಲಸಿಕೆ ಬೀಳಬೇಕು ಎಂಬುದು ಜಗತ್ತೆಲ್ಲ ಒಪ್ಪಿದ ಗುರಿ. ಲಸಿಕೆ ಹಾಕಿದ ನಾಯಿಗಳ ಸಂಖ್ಯೆ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇರುತ್ತದೆ, ಸರಿ. ಅದನ್ನು ಯಾವುದರಿಂದ ಭಾಗಿಸಬೇಕು? ಆ ಬಡಾವಣೆಯಲ್ಲಿ 70 ನಾಯಿಗಳಿಗೆ ಲಸಿಕೆ ಹಾಕಿದ್ದರೆ, 88ರ ಲೆಕ್ಕದಲ್ಲಿ ಅದು ಶೇ 80 ಆಗುತ್ತದೆ, 120ರ ಲೆಕ್ಕದಲ್ಲಿ ಶೇ 58. ಕಾಗದದ ಮೇಲೆ ಊರು ಸುರಕ್ಷಿತ. ಶೆಡ್ಡಿನ ಹಿಂದೆ ಆಡುವ ಕೂಲಿಯವರ ಮಗುವಿಗೆ ಆ ಕಾಗದದಿಂದ ರಕ್ಷಣೆ ಇಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಬದುಕಿ ಬಂದವರು ಇಲ್ಲವೆನ್ನುವಷ್ಟು ಕಡಿಮೆ.

ಹಾಗಾದರೆ ಏನು ಮಾಡಬೇಕು? ಎರಡು ಸಲ ಹೋಗುವ ಬದಲು ಐದಾರು ಸಲ ಹೋಗಬೇಕು, ಬೇರೆ ಬೇರೆ ಹೊತ್ತಿನಲ್ಲಿ ಹೋಗಬೇಕು, ಯಾವ ನಾಯಿ ಯಾವ ದಿನ ಕಂಡಿತು ಎಂಬ ಚರಿತ್ರೆ ಬರೆದಿಡಬೇಕು. ಆಮೇಲೆ ಆ ಚರಿತ್ರೆಗೆ ಬೇರೆ ಬೇರೆ ಊಹೆಗಳನ್ನು ಹೊಂದಿಸಿ ನೋಡಬೇಕು. ಒಂದೊಂದು ಊಹೆಯ ಕಟ್ಟಿಗೂ ಸಂಖ್ಯಾಶಾಸ್ತ್ರಜ್ಞರು ಮಾದರಿ ಎನ್ನುತ್ತಾರೆ. 1978ರಲ್ಲಿ ಅಮೆರಿಕದ ಓಟಿಸ್, ಬರ್ನ್‌ಹಮ್, ವೈಟ್, ಆ್ಯಂಡರ್ಸನ್ ಈ ಮಾದರಿಗಳನ್ನು ವರ್ಗೀಕರಿಸಿದರು. ಎಲ್ಲವೂ ಒಂದೇ ಎನ್ನುವುದು ಮೊದಲನೆಯದು. ದಿನದಿಂದ ದಿನಕ್ಕೆ ವ್ಯತ್ಯಾಸ ಎನ್ನುವುದು ಇನ್ನೊಂದು, ಮಳೆ ಬಂದ ದಿನ ಯಾವ ನಾಯಿಯೂ ಹೊರಗಿರುವುದಿಲ್ಲ. ಒಮ್ಮೆ ಸಿಕ್ಕ ಮೇಲೆ ನಡತೆ ಬದಲಾಗುತ್ತದೆ ಎನ್ನುವುದು ಮತ್ತೊಂದು. ಒಂದೊಂದು ಜೀವಿಯೂ ಬೇರೆ ಎನ್ನುವುದು ಕೊನೆಯದು. ಇವುಗಳ ಬೆರಕೆಗಳೂ ಇವೆ. ಯಾವುದನ್ನು ಆರಿಸಬೇಕು ಎಂಬುದಕ್ಕೆ ಜಪಾನಿನ ಹಿರೊಟುಗು ಅಕೈಕೆ 1973–74ರಲ್ಲಿ ಒಂದು ಅಳತೆಗೋಲು ಕೊಟ್ಟರು. ಊಹೆಗಳನ್ನು ಹೆಚ್ಚಿಸುತ್ತಾ ಹೋದರೆ ಯಾವ ಮಾಹಿತಿಗೂ ಮಾದರಿ ಚೆನ್ನಾಗಿ ಹೊಂದಿಕೊಂಡಂತೆ ಕಾಣುತ್ತದೆ, ಹಾಗಾಗಿ ಪ್ರತಿ ಹೆಚ್ಚುವರಿ ಊಹೆಗೂ ಒಂದು ದಂಡ ತೆರಬೇಕು. ಹೊಂದಿಕೆಯ ಲಾಭ ಆ ದಂಡವನ್ನು ಮೀರಿದರೆ ಮಾತ್ರ ಆ ಊಹೆಗೆ ಜಾಗ. ನಮಗೆ ಬೇಕಾದ ಉತ್ತರ ಬರುವ ಮಾದರಿಯನ್ನು ಆರಿಸುವ ಚಪಲಕ್ಕೆ ಇದೊಂದು ಕಡಿವಾಣ. ವೈಚಾರಿಕತೆ ಎಂದರೆ ನನ್ನ ಮಟ್ಟಿಗೆ ಇದೇ: ತನ್ನ ಇಷ್ಟದ ಉತ್ತರಕ್ಕೆ ತಾನೇ ದಂಡ ಹಾಕಿಕೊಳ್ಳುವ ಶಿಸ್ತು.

ಈ ಶಿಸ್ತು ನಮ್ಮ ನೆಲಕ್ಕೆ ಹೊಸದಲ್ಲ. ನಾಗರಹೊಳೆಯ ಹುಲಿಗಳ ಮೇಲೆ ಇದನ್ನು ಮೊದಲು ಪ್ರಯೋಗಿಸಿದವರು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು. ಹುಲಿಯ ಮೈಪಟ್ಟೆ ಒಂದರಂತೆ ಇನ್ನೊಂದು ಇರುವುದಿಲ್ಲ, ಹಾಗಾಗಿ ಕ್ಯಾಮೆರಾ ಟ್ರ್ಯಾಪ್‌ನ ಫೋಟೊವೇ ಗುರುತು. 1995ರಲ್ಲಿ ಅವರ ಮೊದಲ ಪ್ರಬಂಧ ಬಂತು, 1998ರಲ್ಲಿ ಜೇಮ್ಸ್ ನಿಕೋಲ್ಸ್ ಜೊತೆಗೂಡಿ ಬರೆದದ್ದು. ಮಾದರಿ ಆರಿಸುವಾಗ ಅವರು ಒತ್ತು ಕೊಟ್ಟದ್ದು ಒಂದೊಂದು ಹುಲಿಯೂ ಬೇರೆ ಎನ್ನುವ ಮಾದರಿಗೆ. ತನ್ನ ಸೀಮೆ ಹಿಡಿದು ದಿನವೂ ಅದೇ ದಾರಿಯಲ್ಲಿ ನಡೆಯುವ ಹುಲಿಯೇ ಬೇರೆ, ನೆಲೆಯಿಲ್ಲದೆ ಅಂಚಿನಲ್ಲಿ ಅಲೆಯುವ ಎಳೆಯ ಗಂಡೇ ಬೇರೆ. ಕಾಡು ತಿಳಿದವರಿಗೆ ಇದು ಗೊತ್ತಿತ್ತು, ಸೂತ್ರಕ್ಕೆ ಅದನ್ನು ಕಲಿಸಬೇಕಿತ್ತು.

ಅದೇ ಹೊತ್ತಿಗೆ ದೇಶದ ಸರ್ಕಾರಿ ಲೆಕ್ಕ ಹೆಜ್ಜೆಗುರುತಿನ ಮೇಲೆ ನಿಂತಿತ್ತು. ಒಂದೂ ಹುಲಿ ತಪ್ಪದಂತೆ ಎಣಿಸಿದ್ದೇವೆ ಎಂಬುದು ಅದರ ಹೆಮ್ಮೆ, ಅನುಮಾನಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ 2004ರಲ್ಲಿ ಹದಿನಾರರ ಮೇಲೆ ಹುಲಿಗಳಿವೆ ಎಂದು ದಾಖಲೆ ಹೇಳುತ್ತಿತ್ತು. ಮಾರನೇ ವರ್ಷ ನೋಡಿದರೆ ಒಂದೂ ಇಲ್ಲ, ಕಳ್ಳಬೇಟೆಗಾರರು ಮುಗಿಸಿದ್ದರು. 2001–02ರಲ್ಲಿ ದೇಶಕ್ಕೆ 3,642 ಎಂದಿದ್ದ ಲೆಕ್ಕ, ವಿಧಾನ ಬದಲಾದ ಮೇಲೆ 2006ರ ಅಂದಾಜಿನಲ್ಲಿ 1,411 ಆಯಿತು. ಸಂಶಯವೇ ಇಲ್ಲದ ಸಂಖ್ಯೆ ಹುಲಿಗಳನ್ನು ಕಾಯಲಿಲ್ಲ, ಕಾವಲಿನವರ ಕಣ್ಣು ಮುಚ್ಚಿಸಿತು. ಈಗಿನ ವರದಿಗಳು ಹೆಚ್ಚು ಪ್ರಾಮಾಣಿಕ. 2022ರ ಅಂದಾಜು ಸರಾಸರಿ 3,682 ಎನ್ನುತ್ತದೆ, ಮೇಲ್ಮಿತಿ 3,925 ಎಂದೂ ಸೇರಿಸುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಬೆನ್ನಿಗಿರುವ ಬನ್ನೇರುಘಟ್ಟದ ಚಿರತೆಗಳನ್ನೂ ಇಂದು ಮೈಚುಕ್ಕೆ ನೋಡಿ ಕ್ಯಾಮೆರಾ ಮೂಲಕವೇ ಅಂದಾಜು ಮಾಡುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಈ ವಿದ್ಯೆಯ ಮಿತಿಯನ್ನೂ ಹೇಳಬೇಕು. 2003ರಲ್ಲಿ ವಿಲಿಯಂ ಲಿಂಕ್ ಎಂಬ ಸಂಖ್ಯಾಶಾಸ್ತ್ರಜ್ಞರು ಒಂದು ಕಹಿ ಸತ್ಯವನ್ನು ಸಾಧಿಸಿ ತೋರಿಸಿದರು. ಒಂದೊಂದು ಜೀವಿಯೂ ಬೇರೆ ಎಂದು ಒಪ್ಪಿದ ಮೇಲೆ, ಆ ಬೇರೆತನ ಎಂಥದ್ದು ಎಂಬುದರ ಕುರಿತು ಎರಡು ಭಿನ್ನ ಮಾದರಿಗಳು ಒಂದೇ ಮಾಹಿತಿಗೆ ಒಂದೇ ರೀತಿ ಹೊಂದಿಕೊಂಡು, ಒಟ್ಟು ಸಂಖ್ಯೆಯನ್ನು ಮಾತ್ರ ತೀರ ಬೇರೆಯಾಗಿ ಹೇಳಬಹುದು. ಯಾವುದು ಸರಿ ಎಂದು ಆ ಮಾಹಿತಿಯೊಳಗಿನಿಂದ ಹೇಳಲಾಗದು, ಅಕೈಕೆಯ ಅಳತೆಗೋಲೂ ಅಲ್ಲಿ ಮೂಕ. ಕಾರಣ ಸರಳ. ಒಮ್ಮೆಯೂ ಕಾಣಿಸಿಕೊಳ್ಳದವರು ಯಾವ ಪಟ್ಟಿಯಲ್ಲೂ ಗೆರೆ ಮೂಡಿಸುವುದಿಲ್ಲ. ಅವರನ್ನು ಕಂಪ್ಯೂಟರಿನ ಮುಂದೆ ಕೂತು ಕಂಡುಹಿಡಿಯಲಾಗದು. ಬ್ಯಾಟರಿ ಹಿಡಿದು ಡ್ರಮ್ಮುಗಳ ಹಿಂದಕ್ಕೆ ಹೋಗಬೇಕು, ಕಾಂಪೌಂಡಿನ ಗೇಟು ತೆರೆಸಬೇಕು.

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತಿಗೆ ಬರುತ್ತೇನೆ. ನಾಯಿಯ ಲೆಕ್ಕದಿಂದ ಮನುಷ್ಯರ ಲೆಕ್ಕಕ್ಕೆ ದಾಟುವುದು ಕೆಲವರಿಗೆ ಅವಮಾನ ಅನ್ನಿಸಬಹುದು. ಇಲ್ಲಿ ಅಳೆಯುತ್ತಿರುವುದು ಎಣಿಸಿಕೊಳ್ಳುವವರ ಯೋಗ್ಯತೆಯನ್ನಲ್ಲ, ಎಣಿಸುವವರ ಕಣ್ಣನ್ನು. ಆ ಕಣ್ಣಿನ ಗಣಿತ ಎಲ್ಲೆಡೆ ಒಂದೇ. ಈ ದಾಟುವಿಕೆಗೆ ಒಂದು ಮೇಲ್ಪಂಕ್ತಿ ನಮ್ಮ ನೆಲದಲ್ಲೇ ಇದೆ. ಕಲ್ಕತ್ತದ ಬಳಿಯ ಸಿಂಗೂರಿನಲ್ಲಿ ಹುಟ್ಟು–ಸಾವುಗಳ ಎರಡು ಪಟ್ಟಿಗಳಿದ್ದವು, ಒಂದು ರಿಜಿಸ್ಟ್ರಾರರದು, ಇನ್ನೊಂದು ಮನೆಮನೆ ವಿಚಾರಿಸಿ ಬರೆದದ್ದು. ಎರಡರಲ್ಲೂ ಇರುವ ಹೆಸರುಗಳನ್ನು ಹಿಡಿದು ಎರಡರಲ್ಲೂ ಇಲ್ಲದವರನ್ನು ಅಂದಾಜು ಮಾಡುವುದನ್ನು ಚಂದ್ರಶೇಖರ್ ಮತ್ತು ಡೆಮಿಂಗ್ 1949ರ ಪ್ರಬಂಧದಲ್ಲಿ ತೋರಿಸಿದರು. ಒಂದು ಪಟ್ಟಿಯಿಂದ ತಪ್ಪಿದವರೇ ಇನ್ನೊಂದರಿಂದಲೂ ತಪ್ಪುವ ಸಂಭವ ಹೆಚ್ಚು ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ಜನರನ್ನು ಒಂದೇ ರಾಶಿ ಮಾಡದೆ ಚಿಕ್ಕ ಚಿಕ್ಕ ಗುಂಪುಗಳಾಗಿ ಬೇರ್ಪಡಿಸಿ ಲೆಕ್ಕ ಹಾಕಬೇಕೆಂದರು. 2011ರ ಜನಗಣತಿಯ ನಂತರ ನಡೆದ ಮರುಪರಿಶೀಲನೆಯಲ್ಲಿ ಸಾವಿರಕ್ಕೆ 23 ಮಂದಿ ಎಣಿಕೆಯಿಂದ ತಪ್ಪಿದ್ದರೆಂದು ಕಂಡುಬಂತು. 121 ಕೋಟಿಯ ದೇಶದಲ್ಲಿ ಅದು ಎರಡೂಮುಕ್ಕಾಲು ಕೋಟಿಯ ಆಸುಪಾಸು.

ಹಾಗೆ ತಪ್ಪಿಹೋಗುವ ಸಂಭವ ಇರುವವರು ನಮ್ಮ ಸುತ್ತ ಯಾರು? ಪೀಣ್ಯದಲ್ಲಿ ಒಂದೇ ಕೋಣೆಯನ್ನು ಎರಡು ಪಾಳಿಗಳಲ್ಲಿ ಹಂಚಿಕೊಂಡು ಮಲಗುವ ಒಡಿಶಾದ ಹುಡುಗರು. ವೈಟ್‌ಫೀಲ್ಡಿನಲ್ಲಿ ಕಟ್ಟಡ ಏಳುವವರೆಗೆ ತಗಡಿನ ಶೆಡ್ಡಿನಲ್ಲಿದ್ದು, ಗೃಹಪ್ರವೇಶದ ಹೊತ್ತಿಗೆ ಇನ್ನೊಂದು ಸೈಟಿಗೆ ಹೋಗುವ ರಾಯಚೂರು, ಯಾದಗಿರಿ, ಕಲಬುರಗಿಯ ಸಂಸಾರಗಳು. ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳನ್ನು ನಸುಕಿನಲ್ಲಿ ಗುಡಿಸಿ ಎಂಟಕ್ಕೆಲ್ಲ ಮಾಯವಾಗುವ ಹೆಂಗಸರು. ಎಣಿಕೆದಾರರು ಬಾಗಿಲು ತಟ್ಟುವ ಹೊತ್ತಿಗೆ ಅಪಾರ್ಟ್‌ಮೆಂಟಿನವರು ಮನೆಯಲ್ಲಿರುತ್ತಾರೆ, ಇವರು ಇರುವುದಿಲ್ಲ.

ಕಿವಿಗೆ ಕಚ್ಚು ಹಾಕಿಸಿಕೊಂಡ ನಾಯಿಯಂತೆ ಹೆದರಿದವರೂ ನಮ್ಮಲ್ಲಿದ್ದಾರೆ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಾಂಗ್ಲಾದೇಶೀಯರೆಂಬ ಆರೋಪ ಹೊರಿಸಿ ಕಾರ್ಮಿಕರ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಅಲ್ಲಿದ್ದ ಎಷ್ಟೋ ಮಂದಿಯ ಬಳಿ ಭಾರತದ ಗುರುತಿನ ಚೀಟಿ ಇತ್ತು, ಉತ್ತರ ಕರ್ನಾಟಕದವರೂ ಅವರಲ್ಲಿದ್ದರು. ಹೈಕೋರ್ಟ್ ಆ ಕ್ರಮವನ್ನು ತರಾಟೆಗೆ ತೆಗೆದುಕೊಂಡಿತು. ಹಾಗೆ ಮನೆ ಕಳೆದುಕೊಂಡವರು ಮುಂದೆ ಫೈಲು ಹಿಡಿದು ಬಂದ ಯಾರಿಗಾದರೂ ಬಾಗಿಲು ತೆರೆಯುತ್ತಾರೆಯೇ? ಸಿಕ್ಕಿದ ಮೇಲೆ ನಡತೆ ಬದಲಾಗುತ್ತದೆ ಎಂಬ ಮಾದರಿಯನ್ನು ಆ ದಿನ ನಾವೇ ಮನುಷ್ಯರ ಮೈಮೇಲೆ ಬರೆದೆವು.

ಎಣಿಸದೆ ಬಿಟ್ಟವರಿಗೆ ಏನಾಗುತ್ತದೆ ಎಂಬುದನ್ನು ತಿಳಿಯಲು ಬಹಳ ಕಾಯಬೇಕಾಗಲಿಲ್ಲ. ಎರಡೇ ತಿಂಗಳಲ್ಲಿ ಲಾಕ್‌ಡೌನ್ ಬಂತು. ಊರಿಗೆ ಹೊರಟವರಿಗೆ ಎಷ್ಟು ರೈಲು ಬೇಕು, ಎಷ್ಟು ಪಡಿತರ ಬೇಕು ಎಂದು ಯಾರ ಬಳಿಯೂ ನಂಬುವಂಥ ಲೆಕ್ಕ ಇರಲಿಲ್ಲ. ಮೇ ತಿಂಗಳ ಮೊದಲ ವಾರ ಕಟ್ಟಡ ನಿರ್ಮಾಪಕರ ಜೊತೆಗಿನ ಸಭೆಯ ನಂತರ ರಾಜ್ಯ ಸರ್ಕಾರ ಶ್ರಮಿಕ ರೈಲುಗಳನ್ನು ರದ್ದು ಮಾಡಿತು, ಎಲ್ಲೆಡೆ ಛೀಮಾರಿ ಬಿದ್ದ ಮೇಲೆ ಮರಳಿ ಬಿಟ್ಟಿತು. ಆ ಸೆಪ್ಟೆಂಬರಿನಲ್ಲಿ, ದಾರಿಯಲ್ಲಿ ಸತ್ತ ವಲಸೆ ಕಾರ್ಮಿಕರ ಸಂಖ್ಯೆ ಎಷ್ಟೆಂದು ಲೋಕಸಭೆಯಲ್ಲಿ ಕೇಳಿದಾಗ, ಅಂಥ ಮಾಹಿತಿ ಇಲ್ಲ ಎಂದು ಕೇಂದ್ರ ಕಾರ್ಮಿಕ ಸಚಿವಾಲಯ ಉತ್ತರಿಸಿತು. ಬದುಕಿದ್ದಾಗ ಯಾವ ಪಟ್ಟಿಯಲ್ಲೂ ಇಲ್ಲದವರು ಸತ್ತಾಗಲೂ ಇರಲಿಲ್ಲ.

ಎಲ್ಲರೂ ಸಮಾನರು ಎಂದು ಸಂವಿಧಾನ ಹೇಳುವುದು ಹಕ್ಕಿನ ಮಾತು. ಎಲ್ಲರೂ ಸಮಾನವಾಗಿ ಕಾಣುತ್ತಾರೆ ಎಂದುಕೊಂಡು ಲೆಕ್ಕ ಹಾಕುವುದು ಆ ಹಕ್ಕಿಗೇ ಮಾಡುವ ಅನ್ಯಾಯ. ಹಕ್ಕು ಸಮಾನವಾಗಬೇಕಾದರೆ ನೋಟ ಅಸಮಾನವಾಗಿಯೇ ಹಂಚಿಕೆಯಾಗಬೇಕು. ಟೀ ಅಂಗಡಿಯ ಬಳಿ ಒಮ್ಮೆ ಹೋದರೆ ಸಾಕು, ಶೆಡ್ಡಿನ ಹಿಂದಕ್ಕೆ ಐದು ಸಲ ಹೋಗಬೇಕು. ಅದಕ್ಕೆ ಹಣ ಬೇಕು, ಸಿಬ್ಬಂದಿ ಬೇಕು, ಇವರೂ ಲೆಕ್ಕಕ್ಕೆ ಇದ್ದಾರೆ ಎಂಬ ನಂಬಿಕೆ ಎಲ್ಲಕ್ಕಿಂತ ಮೊದಲು ಬೇಕು.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ನಿಗದಿಯಾದ ಉಲ್ಲೇಖ ದಿನ. ಎಣಿಕೆದಾರರಾಗಿ ಹೋಗುವ ಶಾಲಾ ಮೇಷ್ಟ್ರುಗಳಿಗೆ ನನ್ನ ವಿನಂತಿ ಇದು: ಪೀಣ್ಯದ ವಠಾರಗಳಿಗೆ ಪಾಳಿ ಬದಲಾಗುವ ಹೊತ್ತಿಗೆ ಹೋಗಿ, ಬೀಗ ಕಂಡರೆ ಮತ್ತೆ ಹೋಗಿ. ಬಿಲ್ಡರುಗಳೇ, ಕಾರ್ಖಾನೆ ಮಾಲೀಕರೇ, ಎಣಿಕೆದಾರರು ಬಂದಾಗ ನಿಮ್ಮ ಗೇಟು ತೆರೆದಿಡಿ, ಒಳಗೆ ಮಲಗುವವರ ಹೆಸರು ಮುಚ್ಚಿಡಬೇಡಿ. ಸರ್ಕಾರ ಒಂದು ಭರವಸೆಯನ್ನು ಕನ್ನಡದಲ್ಲೂ ಹಿಂದಿಯಲ್ಲೂ ಒಡಿಯಾದಲ್ಲೂ ಬಂಗಾಳಿಯಲ್ಲೂ ಬರೆದು ಶೆಡ್ಡುಗಳ ಗೋಡೆಗೆ ಅಂಟಿಸಲಿ: ಇಲ್ಲಿ ಹೇಳಿದ ಹೆಸರಿನಿಂದ ಯಾರ ಮನೆಯೂ ಬೀಳುವುದಿಲ್ಲ. ಜನಗಣತಿಯ ವೈಯಕ್ತಿಕ ವಿವರ ಗೋಪ್ಯವಾಗಿರಬೇಕೆಂದು 1948ರ ಜನಗಣತಿ ಕಾಯ್ದೆಯೇ ಹೇಳುತ್ತದೆ. ನಾಯಿಗಳ ಮುಂದಿನ ಸಮೀಕ್ಷೆ ನಡೆಸುವವರು ಒಟ್ಟು ಸಂಖ್ಯೆಯ ಪಕ್ಕದಲ್ಲೇ ಅದರ ಕೆಳಮಿತಿ, ಮೇಲ್ಮಿತಿಗಳನ್ನೂ, ಆರಿಸಿದ ಮಾದರಿಯನ್ನೂ, ಕೈಬಿಟ್ಟ ಮಾದರಿಗಳನ್ನೂ ಪ್ರಕಟಿಸಲಿ. ಓದುಗರು ಅದನ್ನು ಕೇಳಿ ಪಡೆಯಲಿ.